ಹೂಮಳೆಗೆ ಮೊದಲೇ ಫೈಲು ಕಟ್ಟಿ

ಆಷಾಢದ ಒಂದು ಸಂಜೆ ಸಕಲೇಶಪುರ ತಾಲ್ಲೂಕಿನ ಯಸಳೂರು ಕಡೆಯ ಹುಡುಗಿಯೊಬ್ಬಳು ಅಪ್ಪನ ಜೊತೆ ನಮ್ಮನೆಗೆ ಬಂದಳು. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು, ಅದರೊಳಗೆ ಹತ್ತನೇ ತರಗತಿಯಿಂದ ಪದವಿವರೆಗಿನ ಅಂಕಪಟ್ಟಿಗಳು. ಬಿಚ್ಚಿದರೆ ಬರೀ ಬೂಷ್ಟು. ಬಿಡದೆ ಸುರಿಯುವ ಮಳೆಗಾಲದಲ್ಲಿ ಕಬ್ಬಿಣದ ಟ್ರಂಕಿನೊಳಗಿಟ್ಟ ಕಾಗದ ಇನ್ನೇನಾದೀತು? ಒಂದು ಅಂಕಪಟ್ಟಿಯ ಮೊಹರು ಇನ್ನೊಂದರ ಬೆನ್ನಿಗೆ ಅಂಟಿಕೊಂಡಿತ್ತು. ಹೊರದೇಶದಲ್ಲಿ ಎಂ.ಎಸ್ಸಿ. ಓದಲು ಅನುದಾನಕ್ಕೆ ಅರ್ಜಿ ಹಾಕಬೇಕು, ಇನ್ನು ಒಂಬತ್ತು ದಿನ ಇದೆ ಸಾರ್ ಎಂದಳು. ಆ ವರ್ಷ ಆಗಲಿಲ್ಲ. ಮರುವರ್ಷ ಆಯಿತು.

ಆಮೇಲೆ ಹೆತ್ತೂರು, ಹಾನುಬಾಳು, ಬೆಳಗೋಡು, ಪಾಳ್ಯ, ಕೆಂಚಮ್ಮನ ಹೊಸಕೋಟೆ ಕಡೆಯ ಎಷ್ಟೋ ಮಕ್ಕಳ ಫೈಲು ನೋಡಿದ್ದೇನೆ. ಸಣ್ಣ ಬೆಳೆಗಾರರ ಮಕ್ಕಳು, ತೋಟದ ರೈಟರ ಮಕ್ಕಳು, ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವರು. ಅನುದಾನ ತಪ್ಪಿಹೋದವರಲ್ಲಿ ದಡ್ಡರನ್ನು ನಾನು ಕಂಡದ್ದು ಕಡಿಮೆ. ಅವರ ಕಾಗದಗಳು ಒಂದಕ್ಕೊಂದು ತಾಳೆಯಾಗಲಿಲ್ಲ, ಅಷ್ಟೆ. ಮೊದಲ ಸುತ್ತಿನಲ್ಲಿ ಸಮಿತಿಯವರ ಮುಂದೆ ನೀವಿರುವುದಿಲ್ಲ, ನಿಮ್ಮ ಫೈಲಿರುತ್ತದೆ. ಅದನ್ನು ಕಟ್ಟುವ ಬಗೆ ಹೀಗೆ.

1. ಮೊದಲು ಹೆಸರು ಸರಿಮಾಡಿಕೊಳ್ಳಿ

ನಮ್ಮ ಕಡೆಯ ಅರ್ಜಿಗಳು ಹೆಚ್ಚಾಗಿ ಎಡವುವುದು ಇಲ್ಲೇ. ಆಧಾರ್‌ನಲ್ಲಿ ಬರೀ ಕಾವ್ಯ. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಕಾವ್ಯ ಎಚ್.ಎಸ್. ಪದವಿಯದ್ದರಲ್ಲಿ ಎಚ್.ಎಸ್. ಕಾವ್ಯ, ಅದೂ ಇಂಗ್ಲಿಷಿನಲ್ಲಿ ಕೊನೆಗೆ ಒಂದು 'ಎ' ಹೆಚ್ಚು. ನಮಗೆ ಗೊತ್ತು, ಎಚ್ ಎಂದರೆ ಹೆತ್ತೂರು, ಎಸ್ ಎಂದರೆ ಅಪ್ಪನ ಹೆಸರು. ಬರ್ಲಿನ್ನಿನಲ್ಲಿ ಕೂತು ಅರ್ಜಿ ನೋಡುವವರಿಗೆ ಇವರು ಮೂವರು ಬೇರೆ ಬೇರೆ ಹೆಂಗಸರು.

ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿಯೇ ಬರೆಯಬೇಕು. ಅಲ್ಲಿ ಒಮ್ಮೆ ಹೇಗೆ ಬರೆಸಿದಿರೋ ಮುಂದೆ ಎಲ್ಲ ಕಡೆಯೂ ಹಾಗೇ ಬರೆಯಬೇಕಾಗುತ್ತದೆ: ಐಇಎಲ್‌ಟಿಎಸ್ ಪರೀಕ್ಷೆಯ ನೋಂದಣಿ, ವಿಶ್ವವಿದ್ಯಾಲಯದ ಅರ್ಜಿ, ವೀಸಾ, ಬ್ಯಾಂಕು. ಆದ್ದರಿಂದ ಮೊದಲು ಆಧಾರ್ ತಿದ್ದಿಸಿ, ಆಮೇಲೆ ಪಾಸ್‌ಪೋರ್ಟು ಮಾಡಿಸಿ. ಅದಕ್ಕೆ ಬೆಂಗಳೂರಿಗೆ ಹೋಗಬೇಕಾಗಿಲ್ಲ, ಹಾಸನದ ಅಂಚೆ ಕಚೇರಿಯ ಸೇವಾ ಕೇಂದ್ರದಲ್ಲೇ ಆಗುತ್ತದೆ. ಅಂಕಪಟ್ಟಿಯಲ್ಲೇ ತಪ್ಪಿದ್ದರೆ ಅರ್ಜಿ ಶಾಲೆಯ ಮೂಲಕ ಪರೀಕ್ಷಾ ಮಂಡಳಿಗೆ ಹೋಗಬೇಕು. ಅದು ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಉಳಿದ ಸಣ್ಣ ವ್ಯತ್ಯಾಸಗಳಿಗೆ ನೋಟರಿಯಿಂದ ಒಂದು ಪ್ರಮಾಣಪತ್ರ ಮಾಡಿಸಿ, ಅದರ ಪ್ರತಿಯನ್ನು ಪ್ರತಿ ಅರ್ಜಿಯ ಜೊತೆಗೂ ಇಡಿ.

2. ತೋಟದ ಕ್ಯಾಲೆಂಡರಿನ ಪಕ್ಕದಲ್ಲೇ ಅರ್ಜಿಯ ಕ್ಯಾಲೆಂಡರ್ ತೂಗುಹಾಕಿ

ಬ್ರಿಟನ್ನಿನ ಚೀವ್ನಿಂಗ್ ಅರ್ಜಿ ಸಾಮಾನ್ಯವಾಗಿ ಆಗಸ್ಟಿನಲ್ಲಿ, ಜಡಿಮಳೆಯ ಹೊತ್ತಿಗೆ ತೆರೆಯುತ್ತದೆ. ಯುರೋಪಿನ ಎರಾಸ್ಮಸ್ ಮುಂಡಸ್‌ನ ಬಹುತೇಕ ಕೋರ್ಸುಗಳಿಗೆ ಅಕ್ಟೋಬರಿನಿಂದ ಜನವರಿವರೆಗೆ ಅವಕಾಶ. ಅಂದರೆ ಅರೇಬಿಕಾ ಕೊಯ್ಲು, ಪಲ್ಪರ್, ಕಣ, ಆಳಿನ ಲೆಕ್ಕ ಎಲ್ಲ ಒಟ್ಟಿಗೆ ಮೈಮೇಲೆ ಬಿದ್ದಿರುವ ಕಾಲ. ಅಮೆರಿಕದ ಫುಲ್‌ಬ್ರೈಟ್–ನೆಹರು ತೆರೆಯುವುದು ರೊಬಸ್ಟಾ ಕೊಯ್ಲು ಮುಗಿಯುತ್ತಾ ಕಾಫಿ ಅರಳಿಸುವ ಹೂಮಳೆಗೆ ಆಕಾಶ ನೋಡುವ ಫೆಬ್ರವರಿ–ಮಾರ್ಚ್ ಸುಮಾರಿಗೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನಕ್ಕೂ ಇತ್ತೀಚಿನ ವರ್ಷಗಳಲ್ಲಿ ಹೆಚ್ಚುಕಡಿಮೆ ಅದೇ ಕಾಲದಲ್ಲಿ ಅರ್ಜಿ ಕರೆಯುತ್ತಿದ್ದಾರೆ.

ಕೊಯ್ಲಿನ ನಡುವೆ ಕೂತು ಪ್ರಬಂಧ ಬರೆಯುತ್ತೇನೆ ಎಂದವರು ಯಾರೂ ಬರೆದದ್ದನ್ನು ನಾನು ಕಂಡಿಲ್ಲ. ಮಳೆಗಾಲದಲ್ಲಿ ಹೊರಗೆ ಕೆಲಸ ಕಡಿಮೆ. ಜುಲೈ, ಆಗಸ್ಟ್ ಬರವಣಿಗೆಗಿಡಿ. ಕಾಗದಪತ್ರದ ಓಡಾಟ ಅದಕ್ಕೂ ಮುಂಚೆ, ರಸ್ತೆ ಒಣಗಿರುವಾಗಲೇ ಮುಗಿಯಲಿ.

3. ನಿಮ್ಮ ಬಾಗಿಲು ಯಾವುದು ನೋಡಿ, ಎಲ್ಲ ಬಾಗಿಲೂ ತಟ್ಟಬೇಡಿ

ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ವರ್ಷಕ್ಕೆ 125 ಸ್ಥಾನ, ಅದರಲ್ಲಿ ಶೇ. 30 ಮಹಿಳೆಯರಿಗೆ. ಕುಟುಂಬದ ವರಮಾನ 8 ಲಕ್ಷ ರೂಪಾಯಿ ದಾಟಬಾರದು, ವಯಸ್ಸು 35ರ ಒಳಗಿರಬೇಕು, ಅರ್ಹತಾ ಪರೀಕ್ಷೆಯಲ್ಲಿ ಶೇ. 60 ಅಂಕ ಬೇಕು. ಲೈನ್ ಮನೆಯ ಮಕ್ಕಳಲ್ಲಿ ಅರ್ಹರು ಎಷ್ಟೋ ಜನ ಇದ್ದಾರೆ, ಅರ್ಜಿ ಹಾಕಿದವರು ನನಗೆ ಸಿಕ್ಕಿರುವುದು ಬೆರಳೆಣಿಕೆಯಷ್ಟು. ಇದು ನನ್ನ ಬಹುಕಾಲದ ಕೊರಗು. ಪರಿಶಿಷ್ಟ ಪಂಗಡದವರಿಗೆ ಬುಡಕಟ್ಟು ವ್ಯವಹಾರಗಳ ಸಚಿವಾಲಯದ ಯೋಜನೆ ಬೇರೆ ಇದೆ. ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ 'ಪ್ರಬುದ್ಧ' ಪರಿಶಿಷ್ಟ ಜಾತಿ–ಪಂಗಡದವರಿಗೆ, ಅಲ್ಲಿ ವರಮಾನ ನೋಡಿ ನೆರವಿನ ಪ್ರಮಾಣ ನಿಗದಿಯಾಗುತ್ತದೆ.

ಎಲ್ಲರಿಗೂ ತೆರೆದಿರುವ ಬಾಗಿಲುಗಳು ಬೇರೆ. ಎರಾಸ್ಮಸ್ ಮುಂಡಸ್ ತಿಂಗಳಿಗೆ 1,400 ಯೂರೋ ಕೊಡುತ್ತದೆ, ಕನಿಷ್ಠ ಎರಡು ದೇಶಗಳಲ್ಲಿ ಓದಿಸುತ್ತದೆ. ಡಿಗ್ರಿ ಮುಗಿಸಿದ ಕೂಡಲೇ ಹೋಗಬಯಸುವವರಿಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಫುಲ್‌ಬ್ರೈಟ್–ನೆಹರು ಮಾಸ್ಟರ್ಸ್‌ಗೆ ಮೂರು ವರ್ಷದ ಕೆಲಸದ ಅನುಭವ ಬೇಕು. ಜರ್ಮನಿಯ ಡಾಡ್ ಸಂಸ್ಥೆಯ ಅಭಿವೃದ್ಧಿ ಸಂಬಂಧಿ ಕೋರ್ಸುಗಳಿಗೆ ಎರಡು ವರ್ಷ. ಕಾಮನ್‌ವೆಲ್ತ್ ವಿದ್ಯಾರ್ಥಿವೇತನವೂ ಇದೆ. 1892ರಲ್ಲಿ ಶುರುವಾದ ಜೆ.ಎನ್. ಟಾಟಾ ಎಂಡೋಮೆಂಟ್ ಈಗಲೂ ಸಾಲರೂಪದ ನೆರವು ಕೊಡುತ್ತಿದೆ.

ಎರಡು, ಹೆಚ್ಚೆಂದರೆ ಮೂರು ಆರಿಸಿಕೊಳ್ಳಿ. ಹತ್ತಕ್ಕೆ ಹಾಕಿದವರ ಹತ್ತೂ ಅರ್ಜಿಗಳು ಅರೆಬೆಂದಿರುತ್ತವೆ.

4. ಷರತ್ತುಗಳನ್ನು ಮೊದಲ ದಿನವೇ ಓದಿ, ಕೊನೆಯ ದಿನವಲ್ಲ

ರಾಷ್ಟ್ರೀಯ ಸಾಗರೋತ್ತರ ಯೋಜನೆಯಲ್ಲಿ 2022ರಿಂದ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜಗಳನ್ನು ಕುರಿತ ವಿಷಯಗಳಿಗೆ ನೆರವಿಲ್ಲ ಎಂದು ಸೇರಿಸಿದರು. ಸರಿಯೋ ತಪ್ಪೋ ಬೇರೆ ಮಾತು. ನನ್ನ ಕೇಳಿದರೆ ತಪ್ಪು. ಆದರೆ ಅದನ್ನು ಓದದೆ ನಮ್ಮ ಮಂಜರಾಬಾದ್ ಕೋಟೆಯ ಚರಿತ್ರೆಯ ಮೇಲೆ ಪ್ರಸ್ತಾವ ಬರೆದರೆ ಆ ಶ್ರಮವಷ್ಟೂ ಹೊಳೆಗೆ ಹೋಯಿತು.

ಚೀವ್ನಿಂಗ್ ಕೇಳುವುದು 2,800 ಗಂಟೆಗಳ ಕೆಲಸದ ಅನುಭವ. ಅರೆಕಾಲಿಕ ಕೆಲಸ, ಸ್ವಯಂಸೇವೆ ಕೂಡ ಲೆಕ್ಕಕ್ಕೆ ಬರುತ್ತವೆ. ಹಾಗಾದರೆ ಗಂಟೆಗಳನ್ನು ಈಗಿನಿಂದಲೇ ಬರೆದಿಡಿ. ತೋಟದಲ್ಲಿ ಮೇಸ್ತ್ರಿ ಚೆಕ್‌ರೋಲ್ ಬರೆಯುವುದನ್ನು ನೋಡುತ್ತಾ ಬೆಳೆದವರಿಗೆ ಇದು ಕಷ್ಟವಾಗಬಾರದು: ದಿನ, ಕೆಲಸ, ಎಷ್ಟು ಹೊತ್ತು, ಯಾರ ಕೈಕೆಳಗೆ.

5. ಹಸಿರು ಬೆಟ್ಟದ ವರ್ಣನೆ ಬೇಡ, ಪಲ್ಪರ್ ನೀರಿನ ಬಗ್ಗೆ ಬರೆಯಿರಿ

ಉದ್ದೇಶಪತ್ರ ಎಂದ ತಕ್ಷಣ ನಮ್ಮ ಮಕ್ಕಳು ಕವಿಗಳಾಗುತ್ತಾರೆ. "ಪಶ್ಚಿಮಘಟ್ಟದ ಮಡಿಲಲ್ಲಿ, ಮಂಜಿನ ಮುಸುಕಿನಲ್ಲಿ ಬೆಳೆದ ನಾನು ಬಾಲ್ಯದಿಂದಲೂ ಪ್ರಕೃತಿಪ್ರೇಮಿ." ಇಂಥ ಸಾಲು ಸಮಿತಿಯ ಮುಂದೆ ದಿನಕ್ಕೆ ಐವತ್ತು ಬರುತ್ತದೆ. ಬೆಟ್ಟ ಎಲ್ಲ ದೇಶದಲ್ಲೂ ಇದೆ.

ನಿಮ್ಮಲ್ಲಿ ಇದ್ದು ಬೇರೆಯವರಲ್ಲಿ ಇಲ್ಲದ್ದು ಯಾವುದು? ಡಿಸೆಂಬರ್–ಜನವರಿಯಲ್ಲಿ ಹಳ್ಳದ ನೀರು ಸಣ್ಣಗಾಗಿರುವಾಗಲೇ ಹಣ್ಣು ಪಲ್ಪ್ ಮಾಡಿದ ಹುಳಿನೀರು ಹರಿದು ಹೇಮಾವತಿಯ ಕಡೆ ಹೋಗುತ್ತದೆ. ಆ ನೀರಿನ ಸಂಸ್ಕರಣೆ ಇಡೀ ಜಗತ್ತಿನ ಕಾಫಿ ನಾಡುಗಳ ಸಮಸ್ಯೆ. ಎತ್ತಿನಹೊಳೆಯನ್ನು ನೋಡಿ. 24.01 ಟಿಎಂಸಿ ನೀರನ್ನು ಬಯಲುಸೀಮೆಗೆ ತಿರುಗಿಸುವ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಸಕಲೇಶಪುರ ತಾಲ್ಲೂಕಿನಲ್ಲೇ ಉದ್ಘಾಟನೆಯಾಯಿತು. ಜಲನೀತಿ ಓದುವವರಿಗೆ ಇನ್ನೇನು ಬೇಕು? ಶಿರಾಡಿ ಘಾಟಿಯ ಭೂಕುಸಿತ, ಕಾಡುಮರದ ನೆರಳು ಹೋಗಿ ಸಿಲ್ವರ್ ಓಕ್ ಬಂದದ್ದು, ಇವೂ ಇವೆ.

ಆನೆಯಂತೂ ಇದ್ದೇ ಇದೆ. ಹೈಕೋರ್ಟ್ ಹೇಳಿದ ಮೇಲೆ ರಚನೆಯಾದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. 2014ರಲ್ಲಿ ಆಲೂರು ಭಾಗದಿಂದ 22 ಆನೆ ಹಿಡಿದು ಸಾಗಿಸಿದರು. ಸಮಸ್ಯೆ ಮುಗಿಯಲಿಲ್ಲ. 2023ರ ಡಿಸೆಂಬರ್ 4ರಂದು ಯಸಳೂರು ವಲಯದ ಕಾರ್ಯಾಚರಣೆಯಲ್ಲಿ ದಸರಾ ಆನೆ ಅರ್ಜುನನೇ ಕಾಡಾನೆಯ ಎದುರು ಪ್ರಾಣ ಬಿಟ್ಟ. ಈ ಮೂರು ವರ್ಷಗಳನ್ನು ಒಂದರ ಪಕ್ಕ ಒಂದಿಟ್ಟು, "ಹಿಡಿದು ಸಾಗಿಸಿದ ಮೇಲೂ ಆನೆ ಯಾಕೆ ಬಂತು?" ಎಂದು ಕೇಳಿದರೆ ಅದು ಸಂಶೋಧನೆಯ ಪ್ರಶ್ನೆ. "ಆನೆಗಳೆಂದರೆ ನನಗೆ ಪ್ರೀತಿ" ಎಂದು ಬರೆದರೆ ಅದು ಶಾಲೆಯ ಪ್ರಬಂಧ.

ಮೊದಲು ಹೇಳಿದ ಹುಡುಗಿಯ ತಂದೆ ತೋಟವೊಂದರಲ್ಲಿ ರೈಟರು. ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು–ಸೆಂಟಿನಲ್ಲಿ ಬರೆದಿಡುವುದು ಅವರ ಕೆಲಸ. ಮರುವರ್ಷ ಆಕೆ ತೋಟದ ಮಾಲೀಕರನ್ನು ಕೇಳಿ ಆ ಮಳೆಪುಸ್ತಕದ ಪುಟಗಳನ್ನು ನಕಲು ಮಾಡಿಕೊಂಡಳು. ಹೂಮಳೆ ಬಿದ್ದ ತಾರೀಖುಗಳನ್ನಷ್ಟೇ ಹೆಕ್ಕಿ ಒಂದು ಕೋಷ್ಟಕ ಮಾಡಿ, ಅದರಿಂದಲೇ ಉದ್ದೇಶಪತ್ರ ಶುರುಮಾಡಿದಳು. ಸಂದರ್ಶನದಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಆ ಪುಸ್ತಕದ ಬಗ್ಗೆಯೇ ಇದ್ದವಂತೆ. ನಮ್ಮ ಕಡೆ ಹಳೆಯ ತೋಟಗಳಲ್ಲೆಲ್ಲ ಇಂಥ ಪುಸ್ತಕ ಇರುತ್ತದೆ, ಗೆದ್ದಲು ಹಿಡಿಯುತ್ತಾ.

6. "ಅಲ್ಲೇ ಯಾಕೆ?" "ಬಂದು ಏನು ಮಾಡ್ತೀಯ?"

ಈ ಎರಡಕ್ಕೆ ಒಂದೊಂದು ಪ್ಯಾರಾ, ಒಂದೊಂದೇ. ಕೋರ್ಸಿನಲ್ಲಿ ಯಾವ ವಿಷಯ, ಯಾವ ಪ್ರಯೋಗಾಲಯ, ಯಾರ ಸಂಶೋಧನೆ ನಿಮಗೆ ಬೇಕು ಎಂದು ಹೆಸರಿಟ್ಟು ಹೇಳಿ. "ವಿಶ್ವದರ್ಜೆಯ ಶಿಕ್ಷಣ" ಎಂಬ ಮಾತು ಎಲ್ಲಿಯೂ ಬರಬಾರದು. ಎರಡನೆಯದು ಇನ್ನೂ ಮುಖ್ಯ. ಚೀವ್ನಿಂಗ್‌ನವರು ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕು ಎನ್ನುತ್ತಾರೆ. ಫುಲ್‌ಬ್ರೈಟಿನ ವೀಸಾದಲ್ಲೂ ಎರಡು ವರ್ಷದ ಕರಾರಿದೆ. ಬಂದು ಎಲ್ಲಿ ಕೆಲಸ ಮಾಡುತ್ತೀರಿ ಎಂಬುದಕ್ಕೆ ಜಾಗದ ಹೆಸರು ಹೇಳಿ. 1925ರಲ್ಲಿ ಶುರುವಾದ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ, ಸಕಲೇಶಪುರದ ದೋಣಿಗಾಲ್‌ನ ಏಲಕ್ಕಿ ಸಂಶೋಧನಾ ಕೇಂದ್ರ, ಕಾರೆಕೆರೆಯ ಕೃಷಿ ಕಾಲೇಜು ಎಲ್ಲ ಕೈಗೆಟುಕುವ ದೂರದಲ್ಲೇ ಇವೆ. ಅರ್ಜಿ ಬರೆಯುವ ಮೊದಲು ಒಮ್ಮೆ ಹೋಗಿ ಅಲ್ಲಿಯ ವಿಜ್ಞಾನಿಗಳ ಜೊತೆ ಮಾತಾಡಿ ಬಂದರೆ ಪ್ಯಾರಾ ತಾನಾಗಿ ಬರುತ್ತದೆ.

ಯೋಜನೆ ಬರೆದಂತೆಯೇ ಬದುಕು ನಡೆಯಬೇಕೆಂದೇನೂ ಇಲ್ಲ. ಹಾಸನದಲ್ಲೂ ಪಾಠ ಹೇಳಿದ್ದ ಯು.ಆರ್. ಅನಂತಮೂರ್ತಿಯವರು ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಲ್ಲಿ ಬರ್ಮಿಂಗ್‌ಹ್ಯಾಮ್‌ಗೆ ಹೋದದ್ದು 1930ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕೀಯದ ಮೇಲೆ ಪಿಎಚ್.ಡಿ. ಮಾಡಲು. 1966ರಲ್ಲಿ ಮಾಡಿಯೂ ಮುಗಿಸಿದರು. ಅದರ ನಡುವೆ ಅಲ್ಲೇ ಕೂತು 'ಸಂಸ್ಕಾರ' ಬರೆದರು. ಅದು ಅರ್ಜಿಯಲ್ಲಿ ಇದ್ದಿರಲಾರದು.

7. ಶಿಫಾರಸು ಪತ್ರ ಕೇಳುವುದಕ್ಕೂ ಒಂದು ಕ್ರಮ ಇದೆ

"ಸಾರ್, ನಾಳೆ ಕೊನೇ ದಿನ, ಒಂದು ಲೆಟರ್ ಕೊಡಿ" ಎಂದರೆ ಮೇಷ್ಟ್ರು ಕೊಡುತ್ತಾರೆ. "ಈತ ಸಚ್ಚಾರಿತ್ರ್ಯವುಳ್ಳ ಶ್ರಮಜೀವಿ" ಎಂದು ನಾಲ್ಕು ಸಾಲು. ಅದು ನಡತೆ ಪ್ರಮಾಣಪತ್ರ, ಶಿಫಾರಸಲ್ಲ. ಆರು ವಾರ ಮೊದಲೇ ಹೋಗಿ. ಕೈಯಲ್ಲಿ ಒಂದು ಪುಟ ಇರಲಿ: ಕೋರ್ಸು ಯಾವುದು, ಅವರ ಬಳಿ ಯಾವ ವರ್ಷ ಏನು ಓದಿದಿರಿ, ಯಾವ ಪ್ರಾಜೆಕ್ಟ್, ಅದರಲ್ಲಿ ನಿಮ್ಮ ಕೈಯ ಕೆಲಸ ಏನು. ಅವರನ್ನು ಕೇಳದೆ ಹೆಸರು ಹಾಕಿಬಿಡಬೇಡಿ.

ಇನ್ನೊಂದು ತೊಡಕು. ವಿದೇಶಿ ಪೋರ್ಟಲುಗಳು ಕಾಲೇಜಿನ ಇಮೇಲ್ ವಿಳಾಸ ಕೇಳುತ್ತವೆ. ಸರ್ಕಾರಿ ಕಾಲೇಜಿನ ಎಷ್ಟೋ ಅಧ್ಯಾಪಕರು ಬಳಸುವುದು ಸ್ವಂತ ಜಿಮೇಲ್. ಇದನ್ನು ಮುಂಚಿತವಾಗಿ ವಿಚಾರಿಸಿ. ಕಾಲೇಜಿನ ವಿಳಾಸವೇ ಇಲ್ಲವಾದರೆ ಲೆಟರ್‌ಹೆಡ್ಡಿನಲ್ಲಿ ಸಹಿ, ಮೊಹರು ಹಾಕಿಸಿ, ಪೋರ್ಟಲಿನವರಿಗೆ ಬರೆದು ಒಪ್ಪಿಗೆ ಪಡೆಯಿರಿ. ಮೇಷ್ಟ್ರಿಗೆ ವರ್ಗವಾಗಿದ್ದರೆ ಹೊಸ ಊರು ಹುಡುಕಿಕೊಂಡು ಹೋಗಿ. ನಿಮ್ಮನ್ನು ಬಲ್ಲವರ ಪತ್ರ, ಅರಿಯದ ಪ್ರಿನ್ಸಿಪಾಲರ ಪತ್ರಕ್ಕಿಂತ ತೂಕದ್ದು.

8. ಎರಡು ವಿಶ್ವವಿದ್ಯಾಲಯದ ಹೆಸರಿದ್ದರೆ ಒಂದು ಸಾಲು ವಿವರಣೆ

ಹಾಸನ ಜಿಲ್ಲೆಯ ಪದವಿ ಕಾಲೇಜುಗಳು ಮೈಸೂರು ವಿಶ್ವವಿದ್ಯಾಲಯದ ಅಡಿಯಲ್ಲಿದ್ದವು, ಆಮೇಲೆ ಹಾಸನ ವಿಶ್ವವಿದ್ಯಾಲಯ ಬಂತು. 2025ರಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತೂ ಎದ್ದಿತು. ಒಂದೇ ಕಾಲೇಜಿನ ಅಕ್ಕನ ಅಂಕಪಟ್ಟಿಯಲ್ಲಿ ಒಂದು ಹೆಸರು, ತಂಗಿಯದ್ದರಲ್ಲಿ ಇನ್ನೊಂದು. ಹೊರಗಿನವರಿಗೆ ಇದು ಅನುಮಾನ ಹುಟ್ಟಿಸುತ್ತದೆ. ಟಿಪ್ಪಣಿಯ ಜಾಗದಲ್ಲಿ ಒಂದು ಸಾಲು ಬರೆಯಿರಿ. ಟ್ರಾನ್ಸ್‌ಕ್ರಿಪ್ಟ್‌ಗೆ ಬೇಗ ಅರ್ಜಿ ಕೊಡಿ. ಎಂಜಿನಿಯರಿಂಗ್‌ನವರದ್ದಾದರೆ ಬೆಳಗಾವಿಯ ವಿಟಿಯುವರೆಗೆ ಹೋಗಿ ಬರಬೇಕಾದೀತು.

9. ದುಡ್ಡಿನ ಪುಟ ಮುಚ್ಚುಮರೆಯಿಲ್ಲದೆ ಇರಲಿ

ಕೃಷಿ ಆದಾಯಕ್ಕೆ ತೆರಿಗೆ ಇಲ್ಲವೆಂದು ವರಮಾನದ ಜಾಗದಲ್ಲಿ ಸೊನ್ನೆ ಬರೆಯಬೇಡಿ. ನಾಡಕಚೇರಿಯ ಆದಾಯ ಪ್ರಮಾಣಪತ್ರದಲ್ಲಿ ಒಂದು ಮೊತ್ತ, ಪಹಣಿಯಲ್ಲಿ ಹತ್ತು ಎಕರೆ ಕಾಫಿ, ಅರ್ಜಿಯಲ್ಲಿ ಮೂರನೇ ಮೊತ್ತ ಎಂದಾದರೆ ಅಲ್ಲಿಗೆ ಮುಗಿಯಿತು.

ಅನುದಾನ ಬಂದರೂ ಅದು ಕೈಗೆ ಸೇರುವ ಮುನ್ನ ಖರ್ಚಿದೆ: ಪರೀಕ್ಷಾ ಶುಲ್ಕ, ವೀಸಾ, ಮೊದಲ ತಿಂಗಳ ಬಾಡಿಗೆ, ಮುಂಗಡ, ಉಣ್ಣೆ ಕೋಟು. ನಮ್ಮ ತೊಂದರೆ ಇನ್ನೊಂದಿದೆ. ಬೆಳೆಗಾರನ ಕೈಯಲ್ಲಿ ಕಾಸು ಆಡುವುದು ವರ್ಷಕ್ಕೊಮ್ಮೆ, ಪಾರ್ಚ್‌ಮೆಂಟ್ ಮಾರಿದಾಗ. ಫೀಸಿನ ಮುಂಗಡ ಕೇಳುವುದು ಮಳೆ ಹಿಡಿದ ಮೇಲೆ. ಮಾರ್ಚಿನಲ್ಲೇ ಒಂದು ಭಾಗ ತೆಗೆದಿಡಿ. ಅನುದಾನವಿಲ್ಲದೆ ಜರ್ಮನಿಗೆ ಹೋಗುವವರು ವರ್ಷಕ್ಕೆ 11,904 ಯೂರೋ ಮುಂಚಿತವಾಗಿ ಅಲ್ಲಿಯ ಖಾತೆಯಲ್ಲಿ ತೋರಿಸಬೇಕು. ಪೂರ್ಣ ಅನುದಾನ ಎಷ್ಟು ದೊಡ್ಡದೆಂದು ಈ ಒಂದು ಅಂಕಿಯಲ್ಲೇ ತಿಳಿಯುತ್ತದೆ.

10. ಏಜೆಂಟರಿಗೆ ದುಡ್ಡು ಕೊಡಬೇಡಿ

ಚೀವ್ನಿಂಗ್, ಫುಲ್‌ಬ್ರೈಟ್, ಎರಾಸ್ಮಸ್ ಮುಂಡಸ್ ಅನುದಾನಗಳಿಗೆ ಅರ್ಜಿ ಶುಲ್ಕವೇ ಇಲ್ಲ. "ಸೀಟು ಮಾಡಿಸಿಕೊಡ್ತೀನಿ" ಎಂದವನಿಗೆ ನಮಸ್ಕಾರ ಹೇಳಿ ಕಳಿಸಿ.

11. ಕೊನೆಯ ರಾತ್ರಿ ಕರೆಂಟ್ ಇರುವುದಿಲ್ಲ

ಇರುವುದಿಲ್ಲ ಎಂದೇ ಲೆಕ್ಕ ಹಾಕಿ. ಮರ ಬಿದ್ದು ಲೈನ್ ಹೋದರೆ ಮೂರು ದಿನ, ಟವರ್ ಬ್ಯಾಟರಿ ಮುಗಿದರೆ ನೆಟ್‌ವರ್ಕೂ ಇಲ್ಲ. ಕೊನೆಯ ದಿನಾಂಕದ ಹತ್ತು ದಿನ ಮುಂಚೆ ಸಕಲೇಶಪುರವೋ ಹಾಸನವೋ ಹೋಗಿ ಕೂತು ಕಳಿಸಿಬಿಡಿ. ಪೋರ್ಟಲಿನ ಗಡುವು 23:59 ಗ್ರೀನ್‌ವಿಚ್ ಸಮಯವೆಂದರೆ ನಮ್ಮ ಮರುದಿನ ಬೆಳಗಿನ ಜಾವ 5:29. ಆ ಐದೂವರೆ ಗಂಟೆ ಸಿಕ್ಕಿತೆಂದು ಹಿಗ್ಗುವುದು ಬೇಡ, ಆ ಹೊತ್ತಿಗೆ ಇಡೀ ಜಗತ್ತು ಅದೇ ಪೋರ್ಟಲಿನ ಮುಂದೆ ನಿಂತಿರುತ್ತದೆ.

ಕಾಗದಗಳನ್ನು ಬೇಸಗೆಯಲ್ಲೇ ಹಗಲು ಬೆಳಕಿನಲ್ಲಿ ಸ್ಕ್ಯಾನ್ ಮಾಡಿ. ಬೆರಳು, ಟೇಬಲ್ ಕ್ಲಾತಿನ ಹೂವು ಬೀಳದಂತೆ. ಕಡತದ ಹೆಸರು "ಸ್ಕ್ಯಾನ್ 0047" ಎಂದು ಬಿಡದೆ ನಿಮ್ಮ ಹೆಸರು, ದಾಖಲೆಯ ಹೆಸರು, ವರ್ಷ ಹಾಕಿ. ಒಂದು ಪ್ರತಿ ಇಮೇಲಿನಲ್ಲಿ, ಒಂದು ಪೆನ್‌ಡ್ರೈವಿನಲ್ಲಿ. ಮೂಲ ಪ್ರತಿಗಳು ಜಿಪ್ ಕವರಿನಲ್ಲಿ, ನಡುವೆ ಬೇವಿನ ಸೊಪ್ಪು, ಟ್ರಂಕಿನಲ್ಲಲ್ಲ, ಅಡುಗೆಮನೆಯ ಅಟ್ಟದ ಬೆಚ್ಚಗಿನ ಮೂಲೆಯಲ್ಲಿ.

12. ಅಧ್ಯಾಪಕರಿಗೆ ಒಂದು ಮಾತು

ಅನುದಾನ ವಿದ್ಯಾರ್ಥಿಗಳಿಗೆ ಮಾತ್ರ ಎಂದುಕೊಳ್ಳಬೇಡಿ. ಹೊರದೇಶದ ಪ್ರಾಧ್ಯಾಪಕರನ್ನು ಕರೆಸಿ ಪಾಠ ಮಾಡಿಸಲು 2015ರಿಂದ ಗ್ಯಾನ್ ಯೋಜನೆ ಇದೆ, ಜಂಟಿ ಸಂಶೋಧನೆಗೆ 2018ರಿಂದ ಸ್ಪಾರ್ಕ್. ಸಣ್ಣ ಕಾಲೇಜು ಒಂಟಿಯಾಗಿ ಹಾಕಿದರೆ ಗೆಲ್ಲುವುದು ಕಷ್ಟ, ಜೊತೆ ಬೇಕು. ಪಕ್ಕದ ಕೊಡಗಿನಲ್ಲಿ ನಡೆದದ್ದು ನೋಡಿ. ಐರೋಪ್ಯ ಒಕ್ಕೂಟದ ಹಣದಲ್ಲಿ ನಡೆದ ಕೆಫ್‌ನೆಟ್ ಯೋಜನೆಯಲ್ಲಿ ಪೊನ್ನಂಪೇಟೆಯ ಅರಣ್ಯ ಕಾಲೇಜು ಫ್ರೆಂಚ್ ಸಂಸ್ಥೆಗಳ ಜೊತೆ ಸೇರಿ ಕಾಫಿ ತೋಟದ ನೆರಳುಮರಗಳ ಅಧ್ಯಯನ ಮಾಡಿತು. ಮಧ್ಯ ಅಮೆರಿಕ, ಪೂರ್ವ ಆಫ್ರಿಕದ ಕಾಫಿ ನಾಡುಗಳೂ ಅದೇ ಯೋಜನೆಯಲ್ಲಿದ್ದವು. ಪೊನ್ನಂಪೇಟೆಗೆ ಆದದ್ದು ಮಂಜರಾಬಾದಿನ ಮಣ್ಣಿಗೆ ಯಾಕಾಗಬಾರದು?

13. ಸಿಗದಿದ್ದರೆ ಮತ್ತೆ ಹಾಕಿ, ಸಿಕ್ಕರೆ ಫೈಲು ಕೊಟ್ಟು ಹೋಗಿ

ನಾನು ಬಲ್ಲ ಹೆಚ್ಚಿನವರಿಗೆ ಸಿಕ್ಕಿದ್ದು ಎರಡನೆಯ ಸಲ. ಎರಡನೆಯ ಸಲ ಹೆಸರು ಸರಿಯಾಗಿರುತ್ತದೆ, ಪತ್ರಗಳು ಸಿದ್ಧವಿರುತ್ತವೆ, ಪ್ರಬಂಧದಲ್ಲಿ ಮಂಜು ಕಮ್ಮಿಯಾಗಿರುತ್ತದೆ.

ಹೋಗಿ ಬಂದವರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಅರ್ಜಿಯ ಒಂದು ಪ್ರತಿಯನ್ನು, ಸ್ವಂತ ವಿವರಗಳನ್ನು ಅಳಿಸಿ, ನೀವು ಓದಿದ ಕಾಲೇಜಿನ ಗ್ರಂಥಾಲಯಕ್ಕೆ ಕೊಡಿ. ತಿರಸ್ಕಾರವಾದ ಅರ್ಜಿಯಾದರೆ ಅದನ್ನೂ ಕೊಡಿ. ಬೆಂಗಳೂರಿನ ಮಕ್ಕಳಿಗೆ ಇಂಥ ಪ್ರತಿ ತೋರಿಸಲು ಅಣ್ಣಂದಿರು, ಅಕ್ಕಂದಿರು ಇದ್ದಾರೆ. ಹೆತ್ತೂರಿನ ಹುಡುಗಿಗೆ ಇಲ್ಲ.